ಏಳನೆಯ ಮೆಟ್ಟಿಲು

ನವೆಂಬರ್ ಕಳೆಯುವ ಹೊತ್ತಿಗೆ
ಟ್ರೊಮ್ಸೊದಲ್ಲಿ ಸೂರ್ಯ ರಜೆ ಹಾಕುತ್ತಾನೆ.
ಮಧ್ಯಾಹ್ನ ಒಂದಕ್ಕೂ ಬೀದಿದೀಪ.
ಹೇಳಿಕೆಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕಂಬಳಿ.
ಗೊಂಬೆ ಇಲ್ಲ. ಗೊಂಬೆ ಇಟ್ಟರೆ ಆಟ ಶುರುವಾಗುತ್ತದೆ,
ಆಟದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ನಾನು ತೊರುನ್, ಪೊಲೀಸು.
ಇವತ್ತು ಸಮವಸ್ತ್ರವಿಲ್ಲ, ಹಳದಿ ಉಣ್ಣೆಯ ಅಂಗಿ.
ಎದುರಿಗೆ ಏಳು ವರ್ಷದ ಐಲೆವ್,
ನೆಲಕ್ಕೆ ಎಟುಕದ ಕಾಲು ತೂಗುತ್ತಿದೆ.
ಗೋಡೆಯಾಚೆ ಪರದೆಯ ಮುಂದೆ ವಕೀಲರು,
ನನ್ನ ಒಂದೊಂದು ಪ್ರಶ್ನೆಯನ್ನೂ
ಚಿನಿವಾರರ ತಕ್ಕಡಿಗೆ ಹಾಕಲು ಕೂತವರು.

ಯಾರು ಹೊಡೆದರು ಎಂದು ಕೇಳುವಂತಿಲ್ಲ.
ಹೊಡೆದರಾ ಎಂದೂ.
ಬಾಯಿಗೆ ಮಾತು ಹಾಕಿದರೆ
ಆ ಮಾತು ಮೊದಲು ಮಗುವನ್ನೇ ಕಚ್ಚುತ್ತದೆ.
ಹೇಳು ಅನ್ನಬಹುದು. ಆಮೇಲೆ ಅನ್ನಬಹುದು.
ಸುಮ್ಮನಿರಬಹುದು.
ಹದಿನಾಲ್ಕು ವರ್ಷದ ನೌಕರಿಯಲ್ಲಿ ಕಲಿತದ್ದು
ಈ ಮೂರನೆಯದು, ಅದೂ ಅರೆಬರೆ.

ಬೆನ್ನಿನ ಬಾಸುಂಡೆಗಳನ್ನು ಬೆಳಗ್ಗೆಯೇ
ಡಾಕ್ಟರು ಅಳೆದು ಬರೆದಿದ್ದಾರೆ,
ಸೆಂಟಿಮೀಟರಿನಲ್ಲಿ, ಬಣ್ಣದ ಸಮೇತ.
ಅವನು ಮೀನಿನ ಮಾತಾಡಿದ. ಪಕ್ಕದ ಮನೆ ನಾಯಿಯ ಮಾತಾಡಿದ.
ಕಿತ್ತಳೆ ಸುಲಿದು ತೊಳೆಗಳನ್ನು ಸಾಲಿಟ್ಟ.
'ಆಮೇಲೆ?'
'ಆಮೇಲೆ ಮೆಟ್ಟಿಲು ಎಣಿಸ್ತೀನಿ.
ಏಳನೇದು ಕಿರ್ ಅನ್ನುತ್ತೆ.
ಕಿರ್ ಅಂದಮೇಲೆ ಇನ್ನೂ ಐದಿರುತ್ತೆ.
ಅಷ್ಟರಲ್ಲಿ ನಂಗೆ ನಿದ್ದೆ ಬಂದಿರಬೇಕು.'

ಯಾರು ಹತ್ತುತ್ತಾರೆ?
ನಾಲಿಗೆಯ ತುದಿಗೆ ಬಂದಿತ್ತು.
ನುಂಗಿದೆ.

ವಾರಂಟಿಗೆ ಸಹಿ ಬೀಳುವಷ್ಟರಲ್ಲಿ ಶುಕ್ರವಾರ.
ಮಲತಂದೆಯೇ ಬಾಗಿಲು ತೆರೆದ, ಕಾಫಿ ಕುಡಿಯುತ್ತೀರಾ ಎಂದ.
ಸಭ್ಯ. ದೋಣಿ ಕಟ್ಟುವ ಕೈ.
ಬೂಟು ಕಳಚಿ, ಕಾಲುಚೀಲದಲ್ಲೇ ಹತ್ತಿದೆ.
ನಾಲ್ಕು, ಐದು, ಆರು,
ಏಳು.
ಸದ್ದಿಲ್ಲ.

ಇಳಿದು ಮತ್ತೆ ಹತ್ತಿದೆ. ಸದ್ದಿಲ್ಲ.
ಅಡುಗೆಮನೆಯಲ್ಲಿ ಅವನು ಹಾಲು ಬಿಸಿಮಾಡುತ್ತಿದ್ದ.
ಮಂಡಿಯೂರಿ ಟಾರ್ಚು ಬಿಟ್ಟೆ.
ಹನ್ನೊಂದು ಮೆಟ್ಟಿಲ ಮೊಳೆಗಳಿಗೆ
ತುಕ್ಕು, ಹಳೇ ಬಣ್ಣ, ಯಾರ್ಯಾರದೋ ಕಾಲಿನ ಕೊಳೆ.
ಏಳನೆಯದಕ್ಕೆ ನಾಲ್ಕು ಮೊಳೆ, ಹೊಚ್ಚ ಹೊಸವು,
ಹಲ್ಲು ಕಿಸಿದಂತೆ ಬೆಳ್ಳಗೆ.

ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆವು.
ಮೊಳೆ ಹೊಡೆಯೋದು ಅಪರಾಧವಲ್ಲ, ಅಂದ ಸಿವರ್ಟ್
ಕಾರಿನ ಗಾಜಿನ ಮಂಜು ಕೆರೆಯುತ್ತ.
ನಿಜ. ವಕೀಲರೂ ಅದನ್ನೇ ಅನ್ನುತ್ತಾರೆ.
ವಿಚಾರಣೆ ಜೂನಿನಲ್ಲಂತೆ.
ಆಗ ಇಲ್ಲಿ ರಾತ್ರಿಯೇ ಇರುವುದಿಲ್ಲ.

ಐಲೆವ್ ಈಗ ಬೇರೊಬ್ಬರ ಮನೆಯಲ್ಲಿದ್ದಾನೆ.
ಮಹಡಿಯಿಲ್ಲದ ಮನೆ, ನಾನೇ ಕೇಳಿ ಆರಿಸಿದ್ದು.
ಆದರೂ ರಾತ್ರಿ ಎಣಿಸುತ್ತಾನೆ ಎಂದು
ಆ ಹೆಂಗಸು ಫೋನು ಮಾಡಿದ್ದಳು.
ಏನನ್ನು ಎಣಿಸುತ್ತಾನೋ, ಕೇಳಲೇ? ಎಂದಳು.

ಬೇಡ, ಅಂದೆ. ಹತ್ತಿರ ಕೂತಿರಿ.