ಬೆರಕೆಸೊಪ್ಪು

ಗಾರ್‌ಸ್ಟಾಂಗ್ ದಾಟಿ ಒಂದು ದನದ ಕೊಟ್ಟಿಗೆ,
ಒದ್ದೆ ಹುಲ್ಲಿನ ಮೇಲೆ ಆರು ಮರಿ.
"ತಾಯಿ ಬಾರ್ಡರ್ ಟೆರಿಯರ್. ಅಪ್ಪ..."
ಎಂದು ಆಕೆ ಬೇಲಿಯತ್ತ ಗದ್ದ ಎತ್ತಿದಳು,
ಬೇಲಿಯೇ ಅಪ್ಪನೇನೋ ಎಂಬಂತೆ.

ಫೋನಿನಲ್ಲಿ ಅತ್ತೆ: "ಜಾತಿನಾಯಿ ತಾನೆ?"
"ಅಲ್ಲ ಅತ್ತೆ, ಬೆರಕೆ."
ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
ನಮ್ಮ ಮದುವೆಯ ದಿನ ಛತ್ರದ ಬಾಗಿಲಲ್ಲಿ
ಯಾರೋ ಇದೇ ಮಾತು ಆಡಿದ್ದು
ಇಬ್ಬರಿಗೂ ನೆನಪಾಗಿರಬೇಕು.
ಆಮೇಲೆ ಅವರೇ ಅಂದರು:
"ಹೋಗ್ಲಿ ಬಿಡು, ಸಾರಿಗೆ ಬೆರಕೆಸೊಪ್ಪೇ ರುಚಿ."
ಹೆಸರು ಹಾಗೆ ಬಿತ್ತು.
ಸೊಪ್ಪು.

ಮೊದಲ ರಾತ್ರಿ ಅಡುಗೆಮನೆ ಬಾಗಿಲಾಚೆ ಒಂದೇ ಅಳು.
"ಅಳ್ಲಿ, ಅತ್ತು ಅತ್ತು ಕಲೀತದೆ" ಎಂದ ಬೋರೇಶ
ಒಂದು ಗಂಟೆಗೆ ದಿಂಬು ಹಿಡಿದು
ಅಲ್ಲೇ ಫ್ರಿಜ್ಜಿನ ಪಕ್ಕ ಮಲಗಿದ್ದ.
ಹಲ್ಲು ಸೂಜಿಮಲ್ಲಿಗೆ ಮೊಗ್ಗು, ಕಚ್ಚಿದರೆ ಬರೀ ಸೂಜಿ.
ಈರುಳ್ಳಿ ಆಗದು, ಬೆಳ್ಳುಳ್ಳಿ ಆಗದು, ದ್ರಾಕ್ಷಿಯಂತೂ ವಿಷ:
ಈ ಮನೆಯಲ್ಲಿ ಮಡಿ ಎಂದರೆ ಇವಳದೇ.
ಕನ್ನಡದಲ್ಲಿ ಕರೆದರೆ "ವಾಟ್" ಎನ್ನುವ ಮಗಳು
ಸೋಫಾದ ಕೆಳಗೆ ತಲೆ ತೂರಿಸಿ,
"ಬಿಡೇ, ಬಿಡೇ, ನನ್ ಕಾಲ್ಚೀಲ ಕಣೇ!"
ಆ 'ಕಣೇ' ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ.

ಮೂರು ಗಂಟೆಗೊಮ್ಮೆ ಅಲಾರಂ.
ನೈಟಿಯ ಮೇಲೆ ಅವನ ಜಾಕೆಟ್ಟು.
ಹಿತ್ತಲು ಎಂದರೆ ಎರಡು ಮಂಚ ಹಿಡಿಯುವಷ್ಟು ಕಾಂಕ್ರೀಟು,
ಮೂರು ಬಣ್ಣದ ಕಸದ ಡಬ್ಬಿ,
ಮೋರ್ಕಮ್ ಕೊಲ್ಲಿಯಿಂದ ನೇರ ಬರುವ ಗಾಳಿ.
ಎಲ್ಲ ಮೂಸಿದಳು. ಹುಯ್ಯಲಿಲ್ಲ.
ಒಂದು ಮಾತು ಆರಿಸಿಕೊಂಡು ಪ್ರತಿಸಲ ಅದನ್ನೇ ಹೇಳಿ
ಎಂದಿತ್ತು ಪುಸ್ತಕ.
ಇಂಗ್ಲಿಷಿನಲ್ಲಿ ಹೇಳಲು ನಾಚಿಕೆ,
ಕನ್ನಡದಲ್ಲಿ ಇನ್ನೂ ನಾಚಿಕೆ,
ಮೇಲೆ ಪಕ್ಕದ ಮನೆಯ ಆರ್ಮರಾಡ್ ಮುದುಕನ ಕಿಟಕಿ ತೆರೆದೇ ಇರುತ್ತದೆ.
ಆಗ ತಾನಾಗಿ ಬಂತು,
ಕೂಸನ್ನು ಪಾದದ ಮೇಲೆ ಕೂರಿಸಿಕೊಂಡ ಯಾವ ತಾಯಿಯೂ
ಯಾರಿಂದಲೂ ಕಲಿಯದ ಸದ್ದು:
ಸ್ಸ್ಸ್ಸ್.

ಹುಯ್ದಳು.
ನೈಟಿಯ ಜೇಬಿಂದ ಒಂದು ಹುರಿಗಡಲೆ.

ನಾಲ್ಕೇ ದಿನ! ಆಸ್ಪತ್ರೆಯ ಕ್ಯಾಂಟೀನಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.
ಐದನೆಯ ದಿನ ಬೇಳೆಗೆ ಕುಕ್ಕರ್ ಇಟ್ಟೆ.
ಸೀಟಿಗೆ ಮೊದಲು ಅದು ಉಸಿರು ಬಿಡುತ್ತದಲ್ಲ,
ಅಷ್ಟಕ್ಕೇ ಒಲೆಯ ಮುಂದೆ ಕುಕ್ಕರಗಾಲು.
ಎರಡನೇ ಚುಚ್ಚುಮದ್ದು ಮುಗಿದು ಬೀದಿಗಿಳಿದರೆ
ಬಸ್ಸಿನ ಬಾಗಿಲು ಸ್ಸ್ಸ್ ಎಂದು ತೆರೆಯಿತು,
ಇಳಿಯುವವರು ಕಾಲೆತ್ತಿ ದಾಟಿಕೊಂಡರು.
ಚರ್ಚಿನ ಹಾಲಿನಲ್ಲಿ ತರಗತಿ, ಎಂಟು ಮರಿ, ಎಂಟು ರಾಗ.
ಗ್ಲೆನಿಸ್ ಮೇಡಂ ತುಟಿಗೆ ಬೆರಳಿಟ್ಟು "ಶ್ಶ್ಶ್" ಎಂದರು.
ಏಳು ನಾಯಿ ಸುಮ್ಮನಾದವು.
ನಮ್ಮದು ವಿಧೇಯತೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು,
ಹೊಸದಾಗಿ ಪಾಲಿಶ್ ಹಾಕಿದ ಮರದ ನೆಲದ ಮೇಲೆ.

"ಕಂತ್ರಿ" ಎಂದೆ, ಮನೆಗೆ ಬರುವ ದಾರಿಯಲ್ಲಿ, ಮೆಲ್ಲಗೆ.
ಬಾಲ ಅಲ್ಲಾಡಿಸಿದಳು.

ಮೊನ್ನೆ ದವಡೆಹಲ್ಲು ಕೀಳಿಸಿಕೊಂಡು ಬಂದೆ.
ನಡುರಾತ್ರಿ ಹಿತ್ತಲಲ್ಲಿ ಊದಿದ ಕೆನ್ನೆ, ಹತ್ತಿ ತುರುಕಿದ ಬಾಯಿ,
ಎಷ್ಟು ಊದಿದರೂ ಬರುವುದು ಬರೀ "ಫ್ಫ್".
ಸೊಪ್ಪು ನನ್ನ ಮುಖ ನೋಡಿದಳು,
ಕಸದ ಡಬ್ಬಿ ನೋಡಿದಳು, ಮತ್ತೆ ನನ್ನ ಮುಖ.
ಕೈ ಮರಗಟ್ಟಿತ್ತು. ಇನ್ನು ಒಳಗೆ ಹೋಗಿ ಮ್ಯಾಟಿನ ಮೇಲೆಯೇ
ಎಂದುಕೊಳ್ಳುವಷ್ಟರಲ್ಲಿ

ಗೋಡೆಯಾಚೆ, ಮೇಲಿನಿಂದ,
ಕಟ್ಟಿಸಿದ ಹಲ್ಲಿನ ಸಂದಿಯಲ್ಲಿ
ತುಸು ಸಿಳ್ಳೆ ಬೆರೆತ
ಸ್ಸ್ಸ್ಸ್ಸ್.

ಎರಡು ವರ್ಷದಲ್ಲಿ ಕಸದ ವಾರ ಯಾವುದೆಂಬುದು ಬಿಟ್ಟು
ಬೇರೆ ಮಾತಾಡದ ಮನುಷ್ಯ.

ಸೊಪ್ಪು ಕೂತಳು.
ಮುಗಿಯುವ ತನಕ ಕಿಟಕಿ ಕಾಯಿತು,
ಆಮೇಲೆ ಮುಚ್ಚಿಕೊಂಡಿತು.
ಹುರಿಗಡಲೆ ಯಾರಿಗೆ ಕೊಡಬೇಕೋ ತಿಳಿಯದೆ
ಅವಳಿಗೊಂದು ಕೊಟ್ಟು
ಇನ್ನೊಂದನ್ನು ಗೋಡೆಯ ಮೇಲಿಟ್ಟೆ.
ಬೆಳಿಗ್ಗೆ ಇರಲಿಲ್ಲ.
ಕಡಲಹಕ್ಕಿಯೂ ಇರಬಹುದು.