ನಲವತ್ತೊಂದನೆಯದು

ಕೊನೆಗೂ ನಲವತ್ತೊಂದಕ್ಕೆ ಬಂದು ನಿಂತಿದೆ.
ಒಂದು ಹೋಗಬೇಕು.

ಝೆರಾಕ್ಸ್ ಅಂಗಡಿಯ ಬಾಗಿಲು ಅರ್ಧ ಎಳೆದು
ಲ್ಯಾಮಿನೇಶನ್ ಯಂತ್ರದ ಬೆಚ್ಚನೆ ಬೆನ್ನಿನ ಮೇಲೆ
ಎಲೆ ಹರವಿಕೊಂಡು ಕೂತಿದ್ದೇನೆ.
ಹೊರಗೆ ಗ್ರೀನ್ ಸ್ಟ್ರೀಟಿನಲ್ಲಿ ಆಷಾಢದ ಕೆಸರು.
ಎದುರಿಗೆ ಇನಾಸ, ಬೈತಖೋಲಿನ ಐಸ್ ಫ್ಯಾಕ್ಟರಿಯವ.
ದೋಣಿಗಳು ಕಡಲಿಗಿಳಿಯದ ಈ ಎರಡು ತಿಂಗಳು
ಅವನಿಗೆ ಒಡೆಯಲು ಐಸಿಲ್ಲ, ನನ್ನ ತಲೆಯೇ ಗತಿ.

ಮೊದಮೊದಲು ನಾನೂ ಎಲ್ಲರ ಹಾಗೆ
ದೊಡ್ಡವರನ್ನೇ ತುಂಬಿದ್ದೆ:
ಸಿಡಿಲುಗೊರಳ, ಚಂದ್ರ ನುಂಗಿದವಳು, ಏಳು ತೋಳಿನ ಕಾವಲುಗಾರ
(ಎಲೆಯ ಮೇಲೆ ಇಂಗ್ಲಿಷಿನಲ್ಲಿ ಬೇರೆ ಇದೆ, ಇವು ನಾನಿಟ್ಟ ಹೆಸರು).
ಒಬ್ಬೊಬ್ಬರನ್ನು ಇಳಿಸಲಿಕ್ಕೂ ಎಂಟೆಂಟು ಶಕ್ತಿ.
ಅವರು ಕೈಯಲ್ಲೇ ಕೂತು ಮೀಸೆ ತಿರುವುವಷ್ಟರಲ್ಲಿ
ಇನಾಸನ ಚಿಲ್ಲರೆ ಹುಡುಗರು, ಒಂದೊಂದು ಶಕ್ತಿಯವರು,
ನಾಲ್ಕನೇ ಸರದಿಗೆ ನನ್ನ ಕೋಟೆ ಗುಡಿಸಿ ಹಾಕಿದರು.

ಹನ್ನೊಂದು ಆಟ. ಹನ್ನೊಂದೂ ಸೋಲು.

ಮೀನು ಮಾರ್ಕೆಟ್ಟಿನಿಂದ ಕೊಡೆ ಕೊಡಲು ಬಂದ ಆಯಿ
ಆಟದ ತಲೆಬುಡ ಗೊತ್ತಿಲ್ಲದೆಯೇ ನಿಂತು ನೋಡಿ ಹೇಳಿದಳು:
“ಬುಟ್ಟಿ ತುಂಬ ಇಸ್ವಣವನ್ನೇ ಇಟ್ಟುಕೊಂಡರೆ
ಬೋಣಿ ಮಾಡೋರು ಯಾರು?
ಬಂಗಡೆ ಬೇಕು. ತಾರ್ಲೆ ಬೇಕು.
ಇಸ್ವಣ ಒಂದೆರಡು, ಮೇಲುಗಡೆ, ಕಾಣೋ ಹಾಗೆ.”

ಅವತ್ತು ರಾತ್ರಿ ಹದಿನೆಂಟು ಬಂಗಡೆ ಹಾಕಿದೆ.
ಬಾಗಿಲಿಗೆ ಅಡ್ಡ ನಿಲ್ಲುವವ, ಸುದ್ದಿ ಕದ್ದು ತರುವವಳು,
ಸಾಯುವಾಗಲೂ ಒಂದೆಲೆ ಎಳೆದು ಕೊಟ್ಟೇ ಸಾಯುವ ಅಂಚೆಯವ.
ಎಲ್ಲಾ ಮೂರು ಮೂರು ಪ್ರತಿ.
ಶಕ್ತಿಯೆಲೆ ಹನ್ನೆರಡು;
ಹದಿಮೂರಾದರೆ ನೆರೆ, ಹನ್ನೊಂದಾದರೆ ಬರ.
ಉಪಾಯ ಆರು. ಇಸ್ವಣ ಮೂರು.
ಇನಾಸ ಬೇಡ ಬೇಡವೆಂದರೂ ಒಂದು ಕಡಲಗೋಡೆ.
ಆಮೇಲೆ ಅವಳು.

ದೀಪದವಳು.
ಒಂಬತ್ತನೇ ಕ್ಲಾಸಿನಲ್ಲಿ ಕಂಪಾಸ್ ಬಾಕ್ಸಿನ ದುಡ್ಡಲ್ಲಿ ಕೊಂಡ
ಮೊದಲ ಪಾಕೀಟಿನ ಮೊದಲ ಎಲೆ.
ಉಪ್ಪುಗಾಳಿಗೆ ಬಾಗಿದ್ದಾಳೆ, ಒಂದು ಮೂಲೆ ಹಪ್ಪಳ.
ನಾಲ್ಕು ಶಕ್ತಿ ತಿಂದು ಕೊಡುವುದು ಒಂದೇ ಏಟು.
ಉರಿಯುವಷ್ಟು ಹೊತ್ತು ಪಕ್ಕದವರಿಗೆ ಗಾಯವಿಲ್ಲ, ಅಷ್ಟೇ.

“ಇವಳೇ,” ಅಂದ ಇನಾಸ. ನನಗೂ ಗೊತ್ತಿತ್ತು.

ಆರಿಸುವುದೆಂದರೆ ನಮ್ಮ ಮಾತಿನಲ್ಲಿ ಎರಡು,
ಹೆಕ್ಕುವುದು, ನಂದಿಸುವುದು.
ಎರಡೂ ಒಂದೇ ಕೆಲಸವೆಂದು
ನಲವತ್ತು ಎಲೆ ಎಣಿಸುವಾಗಲೇ ಗೊತ್ತಾದದ್ದು.

ಜುಲೈ ಕೊನೆಯ ಭಾನುವಾರ. ಕಾಜುಬಾಗದ ಹಾಲ್.
ಹದಿನಾಲ್ಕು ಜನ, ಎರಡು ಫ್ಯಾನು, ಬಟಾಟೆವಡೆ.
ಎರಡನೇ ಸುತ್ತಿಗೆ ಅರಗಾದ ನೇವಿ ಕ್ವಾರ್ಟರ್ಸಿನ ಹುಡುಗ,
ಹನ್ನೊಂದು ವರ್ಷದ ಅರಿಂದಮ್.
ಇಪ್ಪತ್ತಾರರ ನನ್ನನ್ನು ಆಂಟಿ ಅಂದ. ಕ್ಷಮಿಸಿದೆ.
ಐದನೇ ಸರದಿಗೆ ಅವನು ಇಳಿಸಿದ್ದು
ಅವಳನ್ನು.
ಹೊಸ ಪ್ರತಿ. ಬಾಗಿಲ್ಲ. ಮೂಲೆಗಳು ನಾಲ್ಕೂ ಚೂಪು.

ಹೊಡೆದರೆ ನನ್ನ ಹದಿನೆಂಟು ಬಂಗಡೆಯೂ ನೀರುಪಾಲು.
ಆದರೆ ಅವಳ ಕಾಲಬುಡದಲ್ಲಿ, ಇರುವೆಯಂಥ ಅಕ್ಷರದಲ್ಲಿ,
ಯಾರೂ ಓದದ ಸಾಲೊಂದಿದೆ:
ಎದುರಾಳಿ ಏನೂ ಮಾಡದೆ ಸರದಿ ಬಿಟ್ಟರೆ
ಈ ದೀಪ ತಾನಾಗಿ ಆರುತ್ತದೆ.

ಎಲೆಗಳನ್ನು ಮಗುಚಿ ಮೇಜಿನ ಮೇಲಿಟ್ಟೆ.
“ಪಾಸ್.”
“ಪಾಸ್? ಸಚ್ಚಿ?”
ಎಲೆಯನ್ನು ಮೂಗಿನ ಹತ್ತಿರ ಹಿಡಿದು ಓದಿದ,
ತುಟಿ ಅಲ್ಲಾಡುತ್ತಿತ್ತು.
ಮುಂದಿನ ಸರದಿಗೆ ಗೆದ್ದೆ. ಯಾಕೋ ವಡೆ ರುಚಿಸಲಿಲ್ಲ.

ಆಚೆ ಕುರ್ಚಿಯಲ್ಲಿ ಅವನು ಡೆಕ್ಕು ಜೋಡಿಸಿಕೊಳ್ಳುತ್ತಾ
ಒಂದೆಲೆಯನ್ನು ಬದಿಗೆ ತೆಗೆದಿಟ್ಟ.
ತೆಗೀಬೇಡ ಅನ್ನಬೇಕೆಂದು ಎದ್ದೆ.
ಯಾವ ಬಾಯಲ್ಲಿ ಹೇಳಲಿ?
ನೀರು ಕುಡಿದು ಕೂತೆ.

ಮೂರನೇ ಸುತ್ತು ಅಂಕೋಲೆಯವನ ಜೊತೆ.
ಆರು ಸರದಿ ಕಳೆದರೂ ಶಕ್ತಿಯೆಲೆ ಎರಡೇ ಬಂದವು.
ಬರ ಅಂದರೆ ಬರ.

ಇನಾಸನ ಸ್ಕೂಟರಿನ ಹಿಂದೆ, ಒಂದೇ ರೇನ್‌ಕೋಟಿನಲ್ಲಿ ಇಬ್ಬರು.
ಒಂದನೇ ತಾರೀಖಿಗೆ ದೋಣಿ ಬಿಡ್ತಾರೆ, ಅಂದ,
ಇನ್ನು ನನಗೆ ಪುರುಸೊತ್ತಿಲ್ಲ.
ಸ್ವಲ್ಪ ದೂರ ಹೋಗಿ, ತಿರುಗದೆಯೇ:
“ಕಡಲಗೋಡೆ ತೆಗಿ. ಶಕ್ತಿ ಹದಿಮೂರು ಮಾಡು.”
ಹನ್ನೆರಡೇ ಸರಿ ಅಂದೆ.
“ಹದಿಮೂರು.”
ಫೋನಿನ ಕವರಿನೊಳಗೆ ಬೆರಳು ತೂರಿಸಿ
ಹಪ್ಪಳದ ಮೂಲೆಯನ್ನು ಮುಟ್ಟಿ ನೋಡಿಕೊಂಡು
ಹನ್ನೆರಡು, ಅಂದೆ.