ಗುರುವಾರದ ಸೌಟು

ನೀಲಿ ಡ್ರಮ್ಮಿನ ಬಾಯಿಗೆ
ಮದುಮಗಳ ಮುಸುಕು ಕಟ್ಟಿದ್ದೇನೆ.
ಜೆಪ್ಪುವಿನ ಜೆಸಿಂತಾಳ ಮದುವೆಗೆ ಹೊಲಿದು
ಉಳಿದ ಒಂದೂವರೆ ಮೀಟರ್ ಬಿಳಿ ನೆಟ್ಟು,
ಅಂಚಿಗೆ ಇಲಾಸ್ಟಿಕ್ಕು.
ತುಂಬೆಯ ನೀರು ದಿನ ಬಿಟ್ಟು ದಿನ ಬರುವ ಈ ಮೇ ತಿಂಗಳಲ್ಲಿ
ಬೋಳಾರದ ನನ್ನ ಹಿತ್ತಿಲಲ್ಲಿ
ಶೃಂಗಾರವಾಗಿರುವುದು ಅದೊಂದೇ.

ಜಲಜಾಕ್ಷಿ ನೋಡಿ ನಕ್ಕಳು.
ಪಾಲಿಕೆಯ ಮಲೇರಿಯಾದವಳು,
ಗುರುವಾರ ಗುರುವಾರ ಬರುವವಳು;
ಹೆಗಲಲ್ಲಿ ಚೀಲ, ಕೈಯಲ್ಲಿ ಟಾರ್ಚು,
ಉದ್ದ ಹಿಡಿಯ ಬಿಳಿ ಸೌಟು.
"ಡ್ರಮ್ಮು ಪಾಸು" ಎಂದವಳು
ಗೇಟಿಗೆ ಅಂಟಿಸಿದ ಚೀಟಿಯ ಕಡೆ ಹೋಗದೆ
ಬಸಳೆ ಚಪ್ಪರದ ಅಡಿಗೆ ಬಗ್ಗಿ ಹೊಕ್ಕಳು.

ನಾನೂ ಏನನ್ನೂ ಬಿಟ್ಟಿರಲಿಲ್ಲ.
ಗೆರಟೆಗಳನ್ನೆಲ್ಲ ಕವುಚಿ ಹಾಕಿದ್ದೆ,
ದಾಸವಾಳದ ಚಟ್ಟಿಯ ಕೆಳಗಿನ ತಟ್ಟೆ ತೆಗೆದಿದ್ದೆ.
ಸಂಜೆ ಸಂಜೆ ಗೇರುಸಿಪ್ಪೆಯ ಕೆಂಡಕ್ಕೆ ನೆಕ್ಕಿ ಸೊಪ್ಪು;
ಆ ಹೊಗೆಗೆ ಉಮಿಲು ಹೋಗುವುದಿಲ್ಲ,
ಆಚೆಮನೆಯ ಬೆನೆಡಿಕ್ಟರು ಕೆಮ್ಮುತ್ತಾರೆ.

ಆರು ಗಂಟೆಗೆ ಕಿಟಕಿ ಮುಚ್ಚಬೇಕು.
ಇಡೀ ದಿನದ ಸೆಕೆಯಲ್ಲಿ ಬೆಂದು
ಅಳಿವೆಯ ಕಡೆಯಿಂದ ಗಾಳಿ ಎದ್ದು ಬರುವ ಹೊತ್ತಿಗೇ
ಮುಚ್ಚಬೇಕು.
ಮಲ್ಲಿಗೆ ಬಿರಿಯುವುದೂ ಆಗಲೇ.
ನೆಟ್ಟದ್ದು ನಾನು, ನೀರೆರೆದದ್ದು ನಾನು,
ಚಂದದ ಆ ಒಂದು ಗಂಟೆಯನ್ನು ಮಾತ್ರ
ಅವುಗಳ ಹೆಸರಿಗೆ ಬರೆದುಕೊಟ್ಟಿದ್ದೇನೆ.

"ಅಕ್ಕಾ, ಬನ್ನಿ ಇಲ್ಲಿ."

ಕಂಪೌಂಡಿನ ಮೇಲೆ ಮಣ್ಣಿನ ಬೋಗುಣಿ.
ಹಕ್ಕಿಗಳಿಗೆಂದು ನಾನೇ ಇಟ್ಟದ್ದು.
ಒಂದು ದಿನವೂ ಬತ್ತಲು ಬಿಟ್ಟವಳಲ್ಲ,
ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳೇಕೆ.
ಅವಳ ಸೌಟಿನಲ್ಲಿ
ಕತ್ತರಿಸಿ ಬಿದ್ದ ಕಪ್ಪು ನೂಲಿನ ತುಂಡುಗಳು.
ನನ್ನ ನೆರಳು ಬಿದ್ದದ್ದೇ ಕೊಂಕಿ ಕೊಂಕಿ ಓಡಿದವು.
"ತಲೆ ಕೆಳಗೆ ಮಾಡಿ ನೇತುಕೊಂಡರೆ ಬೇರೆ ಜಾತಿ.
ಇವು, ಸ್ವಲ್ಪ ತಡೆದು ನೋಡಿ,
ನೀರ ಮೇಲೆ ಉದ್ದಕ್ಕೆ ಮಲಗುತ್ತವೆ.
ಇವೇ ನಮ್ಮವು."

ನಮ್ಮವು ಎಂದಳು.
ಅವಳಿಗೆ ಮೂರು ಸಲ ಬಂದಿದೆಯಂತೆ,
ಒಮ್ಮೆ ತಂಗಿಯ ಸೀಮಂತದ ದಿನವೇ.
ನಾಲ್ಕು ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತ
ಹೊರಗೆ ಪಾಯಸ ಬಡಿಸುವ ಸದ್ದು ಕೇಳಿಸಿಕೊಂಡಳಂತೆ.

ಬೋಗುಣಿಯನ್ನು ಬಸಳೆಯ ಬುಡಕ್ಕೆ ಚೆಲ್ಲಿದಳು.
"ವಾರಕ್ಕೊಂದು ದಿನ ತಿಕ್ಕಿ, ಕವುಚಿಡಿ. ಒಣಗಲಿ."
ಮಣ್ಣು ಕುಡಿಯಿತು. ನೂಲಿನ ತುಂಡುಗಳು
ಒಂದೆರಡು ಸಲ ಹೊರಳಿ ಸುಮ್ಮನಾದವು.
ಬಸಳೆಗೇನು, ಅದಕ್ಕೆ ಎಲ್ಲವೂ ನೀರೇ.
ಚೀಟಿಗೆ ಸಹಿ ಹಾಕಿ, ಒಂದು ಲೋಟ ಪುನರ್ಪುಳಿ ಕುಡಿದು
ಅವಳು ಬಿಸಿಲಿಗೆ ಇಳಿದಳು.

ಈಗ ಗುರುವಾರ ಬೋಗುಣಿಗೆ ಉಪವಾಸ.
ಕವುಚಿಟ್ಟ ಅದರ ಬೆನ್ನ ಮೇಲೆ
ಪಿಕಳಾರವೊಂದು ಬಂದು ಕೂರುತ್ತದೆ.
ಕೊಕ್ಕಿನಿಂದ ಒಮ್ಮೆ ಕುಟ್ಟಿ ನೋಡುತ್ತದೆ,
ಆಮೇಲೆ ಕಿಟಕಿಯತ್ತ.
ನಾನು ಮೆಷಿನಿನ ಸೂಜಿಗೆ ನೂಲು ಪೋಣಿಸುವವಳ ಹಾಗೆ
ತಲೆ ತಗ್ಗಿಸುತ್ತೇನೆ.
ಹೇಗೆ ಹೇಳುವುದು ಅದಕ್ಕೆ,
ಶುಕ್ರವಾರ ಬಾ ಎಂದು.